800 ಮೀಟರ್ ಓಟಗಾರನಿಗೆ 35 ಕಿಲೋಮೀಟರ್ ಏಕೆ? ಆರ್ಥರ್ ಲಿಡಿಯಾರ್ಡ್ ಪದ್ಧತಿಯ ಬಗ್ಗೆ ಚರ್ಚೆ

ಮುಂಜಾವಿನ ಹೆಜ್ಜೆ (ಬೆಂಗಳೂರು)

1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ಗೆ ನಿಂತವರಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರು ಬೆಲ್ಜಿಯಂನ ರೋಜರ್ ಮೂನ್ಸ್ ಅವರದು. ವಿಶ್ವದಾಖಲೆ ಅವರದೇ. ಕೊನೆಯ ನೇರ ಓಟದಲ್ಲೂ ಅವರೇ ಮುಂದಿದ್ದರು, ಯಾರು ಬರುತ್ತಿದ್ದಾರೆಂದು ತಲೆ ಹೊರಳಿಸಿ ನೋಡುತ್ತಲೂ ಇದ್ದರು. ಅಷ್ಟರಲ್ಲಿ ಒಳಬದಿಯಿಂದ ನ್ಯೂಜಿಲೆಂಡ್‌ನ ಕಪ್ಪು ಅಂಗಿ ತೊಟ್ಟ 21 ವರ್ಷದ ಪೀಟರ್ ಸ್ನೆಲ್ ನುಗ್ಗಿ ಗೆರೆ ದಾಟಿಬಿಟ್ಟರು. 1 ನಿಮಿಷ 46.3 ಸೆಕೆಂಡು. ಒಂದು ಗಂಟೆಯೊಳಗೆ ಅದೇ ಕ್ರೀಡಾಂಗಣದಲ್ಲಿ ಅವರದೇ ತಂಡದ ಮರ್ರಿ ಹಾಲ್‌ಬರ್ಗ್ 5000 ಮೀಟರ್ ಗೆದ್ದರು. ರಗ್ಬಿ ಆಡುವಾಗ ಪೆಟ್ಟಾಗಿ ಎಡಗೈಯ ಬಲ ಕಳೆದುಕೊಂಡಿದ್ದ ಮನುಷ್ಯ ಅವರು. ಇನ್ನೂ ಮೂರು ಸುತ್ತು ಬಾಕಿ ಇರುವಾಗಲೇ ಗುಂಪು ಬಿಟ್ಟು ಹೊರಟರು, ಗೆದ್ದು ಟೇಪನ್ನು ಕೈಯಲ್ಲಿ ಹಿಡಿದೇ ಹುಲ್ಲಿನ ಮೇಲೆ ಕುಸಿದರು. ಎಂಟು ದಿನ ಕಳೆದು ಮ್ಯಾರಥಾನ್. ಅಬೆಬೆ ಬಿಕಿಲ ಬರಿಗಾಲಿನಲ್ಲಿ ಗೆದ್ದ ಆ ಓಟದಲ್ಲಿ ಮೂರನೆಯ ಸ್ಥಾನ ಬ್ಯಾರಿ ಮಗೀ ಅವರಿಗೆ. ಅವರೂ ನ್ಯೂಜಿಲೆಂಡ್‌ನವರೇ.

ಈ ಮೂವರಿಗೂ ಗುರು ಒಬ್ಬರೇ: ಆಕ್ಲೆಂಡ್‌ನ ಒಂದು ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್. ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ಸರ್ಕಾರದ ಸಂಬಳವೂ ಇರಲಿಲ್ಲ. ತಾರುಣ್ಯದಲ್ಲಿ ಒಮ್ಮೆ ಸ್ನೇಹಿತರೊಬ್ಬರ ಜೊತೆ ಐದಾರು ಮೈಲಿ ಓಡಿ ಉಸಿರು ಸಿಕ್ಕಿಹಾಕಿಕೊಂಡಾಗ, ಈಗಲೇ ಹೀಗಾದರೆ ಮುಂದೆ ನನ್ನ ಗತಿಯೇನು ಎಂದು ಯೋಚಿಸಿದವರು, ಉತ್ತರವನ್ನು ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿ ಹುಡುಕಿದರು. ವರ್ಷಗಟ್ಟಲೆ ಹೆಚ್ಚು ಓಡಿ, ಕಡಿಮೆ ಓಡಿ, ವಾರಕ್ಕೆ 250 ಮೈಲಿಯವರೆಗೂ ಏರಿಸಿ ನೋಡಿ, ಕೊನೆಗೆ ವಾರಕ್ಕೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಎಂಬಲ್ಲಿ ನಿಂತರು. ನಡುವೆ 1953 ಮತ್ತು 1955ರಲ್ಲಿ ತಮ್ಮ ದೇಶದ ಮ್ಯಾರಥಾನ್ ಪ್ರಶಸ್ತಿಯನ್ನೂ ಗೆದ್ದರು.

ಅವರ ವರ್ಷದ ಕ್ರಮ ಹೀಗಿತ್ತು. ಮೊದಲ ಹತ್ತು ವಾರ, ಸಾಧ್ಯವಾದರೆ ಇನ್ನೂ ಹೆಚ್ಚು, ಬರೀ ದೂರದ ಓಟ. ಆಮೇಲೆ ನಾಲ್ಕು ವಾರ ಏರಿನ ಮೇಲೆ ನೆಗೆದು ಓಡುವುದು. ಆಮೇಲಷ್ಟೇ ಟ್ರ್ಯಾಕ್, ಉಸಿರು ಕಟ್ಟಿಸುವ ವೇಗದ ಸುತ್ತುಗಳು, ಅದೂ ನಾಲ್ಕು ವಾರ ಮಾತ್ರ. ಕೊನೆಗೆ ಹರಿತಗೊಳಿಸುವ ಹಂತ, ನಂತರ ಸ್ಪರ್ಧೆ. ಮ್ಯಾರಥಾನ್ ಓಡುವವರಿಗೂ 800 ಮೀಟರ್ ಓಡುವವರಿಗೂ ಮೊದಲ ಹಂತ ಒಂದೇ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಸ್ನೆಲ್ ಭಾನುವಾರಗಳಂದು 22 ಮೈಲಿ ಬೆಟ್ಟದ ದಾರಿ ಓಡುತ್ತಿದ್ದರು.

ಈ ವಿಷಯ ಎತ್ತಲು ಕಾರಣವಿದೆ. ನಮ್ಮ ಊರಿನ ಟ್ರ್ಯಾಕ್‌ಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರನ್ನು ನೋಡುತ್ತೇನೆ. ವರ್ಷವಿಡೀ 200, 300, 400, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದವರ ಕೂಗು. ಹದಿನಾರಕ್ಕೆ ಜಿಲ್ಲೆಯಲ್ಲಿ ಮೊದಲಿಗರು, ಇಪ್ಪತ್ತಕ್ಕೆ ಕಾಣೆ. ನಮ್ಮವರಿಗೆ ವೇಗವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ವೇಗ ಇದೆ. ಆ ವೇಗವನ್ನು ಕೊನೆಯ ಇನ್ನೂರು ಮೀಟರ್‌ವರೆಗೆ ಹೊತ್ತುಕೊಂಡು ಹೋಗುವ ದಮ್ಮು ಇಲ್ಲ, ಅದನ್ನು ಕಟ್ಟಲು ಬೇಕಾದ ತಿಂಗಳುಗಳನ್ನು ಯಾರೂ ಅವರಿಗೆ ಕೊಡುತ್ತಿಲ್ಲ. ನಿಮ್ಮ ಅನುಭವ ಏನು?

ನಾನೂರರ ಸುತ್ತು (ಮೈಸೂರು)

ಲಿಡಿಯಾರ್ಡ್ ಅವರ ಬಗ್ಗೆ ನನಗೂ ಗೌರವವಿದೆ. ಆದರೆ ವೇಗದ ಸುತ್ತುಗಳನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಅವುಗಳ ಇತಿಹಾಸ ಚಿಕ್ಕದಲ್ಲ. ಜರ್ಮನಿಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1:46.6ಕ್ಕೆ ಓಡಿದರು. ಅವರ ಕೋಚ್ ವೋಲ್ಡೆಮಾರ್ ಗೆರ್ಷ್ಲರ್ ನಾಡಿಬಡಿತ ಎಣಿಸಿ, ವಿಶ್ರಾಂತಿಯನ್ನು ಅಳೆದು ಇಂಟರ್‌ವಲ್ ತಾಲೀಮನ್ನು, ಅಂದರೆ ನಡುನಡುವೆ ಬಿಡುವು ಕೊಟ್ಟು ವೇಗದ ಸುತ್ತು ಓಡುವುದನ್ನು, ಶಾಸ್ತ್ರವನ್ನಾಗಿ ಮಾಡಿದವರು. ಹಾರ್ಬಿಗ್ 1944ರಲ್ಲಿ ಯುದ್ಧದಲ್ಲಿ ಸತ್ತರು. ಅವರ ದಾಖಲೆ 1955ರವರೆಗೆ ಬದುಕಿತ್ತು, ಅದನ್ನು ಮುರಿದವರು ನೀವು ಹೇಳಿದ ಅದೇ ಮೂನ್ಸ್.

ಇನ್ನು ಎಮಿಲ್ ಝಾಟೊಪೆಕ್. ಜೆಕೊಸ್ಲೊವಾಕಿಯಾದ ಬಾಟಾ ಕಾರ್ಖಾನೆಯ ಹುಡುಗ. ಓಡಲು ಮನಸ್ಸಿಲ್ಲದಿದ್ದರೂ 1941ರಲ್ಲಿ ಬಲವಂತಕ್ಕೆ ಒಂದು ಓಟದಲ್ಲಿ ನಿಂತು ಎರಡನೆಯವರಾಗಿ ಬಂದರು, ಅಲ್ಲಿಂದ ಶುರು. ಹನ್ನೊಂದು ವರ್ಷ ಕಳೆದು 1952ರ ಹೆಲ್ಸಿಂಕಿಯಲ್ಲಿ 10,000 ಮೀಟರ್, 5000 ಮೀಟರ್, ಅದರ ಮೇಲೆ ಜೀವನದಲ್ಲಿ ಅಲ್ಲಿಯವರೆಗೆ ಓಡಿಯೇ ಇರದ ಮ್ಯಾರಥಾನ್, ಮೂರರಲ್ಲೂ ಚಿನ್ನ. ಆ ಮೂರನ್ನು ಒಂದೇ ಒಲಿಂಪಿಕ್ಸ್‌ನಲ್ಲಿ ಬೇರೆ ಯಾರೂ ಗೆದ್ದಿಲ್ಲ. ಅವರು 5000 ಮೀಟರ್ ಗೆದ್ದ ದಿನವೇ ಹೆಂಡತಿ ಡಾನಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ಇಂಥ ಮನುಷ್ಯನ ತಾಲೀಮು ಏನು? ನಾನೂರು ಮೀಟರ್, ಮತ್ತೆ ನಾನೂರು ಮೀಟರ್. ಕಾಡಿನ ದಾರಿಯಲ್ಲಿ, ಸೈನ್ಯದ ಬೂಟು ಹಾಕಿಕೊಂಡು, ಕೆಲವು ಕಾಲ ದಿನಕ್ಕೆ ನೂರು ಸಲ.

ಇನ್ನೊಂದು ಉದಾಹರಣೆ, ರೋಜರ್ ಬ್ಯಾನಿಸ್ಟರ್. ವೈದ್ಯಕೀಯ ಓದುತ್ತಿದ್ದ ಅವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಸಿಗುತ್ತಿದ್ದ ಸಮಯ ಅತಿ ಕಡಿಮೆ. ಹತ್ತು ಬಾರಿ ಕಾಲು ಮೈಲಿ, ನಡುವೆ ಎರಡು ನಿಮಿಷ ಬಿಡುವು. ಅಷ್ಟರಲ್ಲೇ 1954ರ ಮೇ 6ರಂದು ಮೈಲಿಯನ್ನು 3:59.4ಕ್ಕೆ ಮುಗಿಸಿದರು. ವಾರಕ್ಕೆ 160 ಕಿಲೋಮೀಟರ್ ಓಡಲು ಪುರುಸೊತ್ತಿಲ್ಲದ ನಮ್ಮ ಹುಡುಗರಿಗೆ ಬ್ಯಾನಿಸ್ಟರ್ ಅವರ ದಾರಿಯೇ ಹೆಚ್ಚು ಸೂಕ್ತ ಅಲ್ಲವೇ?

ಮುಂಜಾವಿನ ಹೆಜ್ಜೆ (ಬೆಂಗಳೂರು)

ಝಾಟೊಪೆಕ್ ಅವರ ಹೆಸರು ಬಂದದ್ದು ಸಂತೋಷ. ಆದರೆ ನೂರು ಸಲ ನಾನೂರು ಮೀಟರ್ ಎಂದರೆ 40 ಕಿಲೋಮೀಟರ್, ನಡುವಿನ ನಿಧಾನ ಓಟ ಸೇರಿಸಿದರೆ ಇನ್ನೂ ಹೆಚ್ಚು. ಆ ಸುತ್ತುಗಳೆಲ್ಲ ಸ್ಪರ್ಧೆಯ ವೇಗದವೂ ಆಗಿರಲಿಲ್ಲ. ಹೆಸರಿಗೆ ಇಂಟರ್‌ವಲ್, ಒಳಗೆ ಅಗಾಧ ದೂರ. ನಮ್ಮವರು ಅವರಿಂದ ಸುತ್ತನ್ನು ತೆಗೆದುಕೊಂಡಿದ್ದಾರೆ, ದೂರವನ್ನು ಅಲ್ಲಿಯೇ ಬಿಟ್ಟಿದ್ದಾರೆ.

ಬ್ಯಾನಿಸ್ಟರ್ ಅವರ ವಿಷಯದಲ್ಲಿ ನಿಮ್ಮ ಮಾತು ಸರಿ. ಅವರು ಒಂದೇ ದಿನಕ್ಕೆ, ಒಂದೇ ಓಟಕ್ಕೆ ತಯಾರಾಗಿದ್ದರು. ಮುಂದೆ ಓಡಿ ಗಾಳಿ ತಡೆಯಲು ಕ್ರಿಸ್ ಬ್ರಾಷರ್, ಕ್ರಿಸ್ ಚಾಟವೇ ಇದ್ದರು. ರೋಮ್‌ನಲ್ಲಿ ಸ್ನೆಲ್ ಮೂರು ದಿನಗಳಲ್ಲಿ ನಾಲ್ಕು ಸಲ 800 ಮೀಟರ್ ಓಡಬೇಕಾಯಿತು. ನಾಲ್ಕನೆಯ ಓಟ ಫೈನಲ್. ಬೇರೆಯವರ ಕಾಲು ಸೋತಿದ್ದಾಗ ಅವರ ಕಾಲು ಸೋತಿರಲಿಲ್ಲ. ನನ್ನ ವಾದದ ತಿರುಳು ಇಲ್ಲೇ ಇದೆ.

ವೈಟಾಕೆರೆ ದಾರಿ (ಆಕ್ಲೆಂಡ್, ಊರು ಸಾಗರ)

ಇಲ್ಲಿಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಆ 22 ಮೈಲಿ ದಾರಿಯನ್ನು ಇಲ್ಲಿನ ಓಟಗಾರರು ಇಂದಿಗೂ ವೈಯಾಟಾರುವಾ ಎಂದೇ ಕರೆಯುತ್ತಾರೆ. ಲಿಡಿಯಾರ್ಡ್ ವಾಸವಿದ್ದ ಒವೈರಾಕಾ ಬಡಾವಣೆಯಿಂದ ಹೊರಟು, ಟಿಟಿರಂಗಿ ದಾಟಿ, ವೈಟಾಕೆರೆ ಬೆಟ್ಟಸಾಲಿನ ಮೇಲಿನ ಸೀನಿಕ್ ಡ್ರೈವ್ ರಸ್ತೆ ಹಿಡಿದು ವೈಯಾಟಾರುವಾ ತಲುಪಿ ಮತ್ತೆ ಇಳಿದು ಬರುವ ದಾರಿ. ಚಿತ್ರದಲ್ಲಿ ನೋಡಿದರೆ ಬರೀ ಹಸಿರು. ಕಾಲಿಗೆ ಮಾತ್ರ ಒಂದು ಏರು ಮುಗಿಯಿತು ಎನ್ನುವಾಗ ಇನ್ನೊಂದು ತಿರುವು, ಅಲ್ಲಿ ಮತ್ತೊಂದು ಏರು. ಮಳೆ ಯಾವಾಗ ಹಿಡಿಯುತ್ತದೋ ಹೇಳಲಾಗದು. ನಮ್ಮ ಮಲೆನಾಡಿನ ಜರಿಗಿಡಗಳನ್ನು ಕಂಡವನಿಗೂ ಇಲ್ಲಿ ಮರದೆತ್ತರ ಬೆಳೆಯುವ ಜರಿಗಿಡ ಕಂಡರೆ ಅಚ್ಚರಿಯಾಗುತ್ತದೆ.

ನಾನು ಹೇಳಬೇಕೆಂದಿರುವುದು ಆ ಗುಂಪಿನ ಬಗ್ಗೆ. ಹಾಲ್‌ಬರ್ಗ್, ಮಗೀ, ಬಿಲ್ ಬೇಲಿ, ಆಮೇಲೆ ಸೇರಿದ ಸ್ನೆಲ್, ಎಲ್ಲರೂ ಆ ಬೆಟ್ಟವನ್ನು ಜೊತೆಯಾಗಿಯೇ ಏರಿದವರು. ಮೊದಲ ವರ್ಷಗಳಲ್ಲಿ ಲಿಡಿಯಾರ್ಡ್ ಕೂಡ ಅವರೊಂದಿಗೆ ಓಡುತ್ತಿದ್ದರು. ದೇಶವೆಲ್ಲ ಸೋಸಿ ಆರಿಸಿ ತಂದ ಪ್ರತಿಭೆಗಳಲ್ಲ, ಹೆಚ್ಚಿನವರು ಸುತ್ತಮುತ್ತಲ ಹುಡುಗರು. ಪ್ರತಿಭೆ ಎಲ್ಲ ಬೀದಿಗಳಲ್ಲೂ ಇರುತ್ತದೆ, ಅದಕ್ಕೆ ತಾಳ್ಮೆಯ ತಾಲೀಮು ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಬಿಲ್ ಬೇಲಿ 1963ರಲ್ಲಿ 20 ಕಿಲೋಮೀಟರ್ ಮತ್ತು ಒಂದು ಗಂಟೆಯ ಓಟದ ವಿಶ್ವದಾಖಲೆ ಮುರಿದರು. ಜಾನ್ ಡೇವಿಸ್ 1964ರ ಟೋಕಿಯೊದಲ್ಲಿ 1500 ಮೀಟರ್ ಕಂಚು ಗೆದ್ದರು, ಅದೇ ಓಟದ ಚಿನ್ನ ಸ್ನೆಲ್ ಅವರದು, 800 ಮೀಟರ್ ಚಿನ್ನವೂ ಅವರದೇ.

ಇನ್ನೊಂದು ಸಂಗತಿ. 1961ರ ಡಿಸೆಂಬರ್‌ನಲ್ಲಿ ಸ್ನೆಲ್ ಇಲ್ಲಿ ಪೂರ್ಣ ಮ್ಯಾರಥಾನ್ ಓಡಿದರು, 2 ಗಂಟೆ 41 ನಿಮಿಷ. ಎರಡು ತಿಂಗಳು ತುಂಬುವುದರೊಳಗೆ, 1962ರ ಜನವರಿ 27ರಂದು ವಾಂಗನುಯಿಯಲ್ಲಿ ಮೈಲಿಯ ವಿಶ್ವದಾಖಲೆ, 3:54.4. ಒಂದು ವಾರ ಬಿಟ್ಟು ಕ್ರೈಸ್ಟ್‌ಚರ್ಚ್‌ನಲ್ಲಿ 800 ಮೀಟರ್ ವಿಶ್ವದಾಖಲೆ, 1:44.3. ಎರಡೂ ಹುಲ್ಲಿನ ಟ್ರ್ಯಾಕ್‌ನಲ್ಲಿ. ಆ 1:44.3 ಆರು ದಶಕಗಳ ಕಾಲ ಈ ದೇಶದ ರಾಷ್ಟ್ರೀಯ ದಾಖಲೆಯಾಗಿ ನಿಂತಿತ್ತು. ಸಿಂಥೆಟಿಕ್ ಟ್ರ್ಯಾಕ್ ಇಲ್ಲದೆ ಏನೂ ಆಗದು ಎನ್ನುವವರಿಗೆ ಈ ಮಾತು ತಲುಪಬೇಕು.

ಉಸಿರು ಮತ್ತು ರಕ್ತ (ಮಣಿಪಾಲ)

ಶರೀರಶಾಸ್ತ್ರ ಪಾಠ ಮಾಡುವವಳಾಗಿ ಎರಡು ಮಾತು ಸೇರಿಸುತ್ತೇನೆ.

800 ಮೀಟರ್ ಓಟವನ್ನು ಬಹಳ ಮಂದಿ ಉದ್ದನೆಯ ಸ್ಪ್ರಿಂಟ್ ಎಂದೇ ಭಾವಿಸುತ್ತಾರೆ. ಆದರೆ ಅದಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಮ್ಲಜನಕ ಬಳಸಿ ನಡೆಯುವ ಕ್ರಿಯೆಯಿಂದಲೇ. ಆ ವ್ಯವಸ್ಥೆ ದೊಡ್ಡದಾಗಬೇಕಾದರೆ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳಬೇಕು, ಸ್ನಾಯುಗಳಲ್ಲಿ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳು ಹೆಚ್ಚಬೇಕು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಹೆಚ್ಚಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ನಿಯಮಿತವಾಗಿ ಓಡಿದರೆ ಮಾತ್ರ ಇವು ಬೆಳೆಯುತ್ತವೆ. ಸ್ನೆಲ್ ಅವರೇ ಮುಂದೆ ಅಮೆರಿಕಕ್ಕೆ ಹೋಗಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದು ಡಲ್ಲಾಸ್‌ನಲ್ಲಿ ಸಂಶೋಧಕರಾದರು. ಅವರ ವಿವರಣೆ ನನಗೆ ಬಹಳ ಇಷ್ಟ: ಎರಡು ಗಂಟೆ ಓಡಿದಾಗ ನಿಧಾನಗತಿಯ ಸ್ನಾಯುತಂತುಗಳಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೊಜೆನ್ ಬರಿದಾಗುತ್ತದೆ, ಆಗ ದೇಹ ವೇಗದ ತಂತುಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಅಂದರೆ ಬೆಟ್ಟದ ಮೇಲಿನ ಕೊನೆಯ ಅರ್ಧ ಗಂಟೆಯಲ್ಲಿ 800 ಮೀಟರ್ ಓಟಗಾರನ ವೇಗದ ತಂತುಗಳಿಗೂ ದಮ್ಮಿನ ಪಾಠ ಸಿಗುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ಲಿಡಿಯಾರ್ಡ್ ಎಂದರೆ ಆಮೆ ನಡಿಗೆಯ ಓಟ ಎಂಬ ತಿಳಿವಳಿಕೆ ನಮ್ಮ ಓಟದ ಗುಂಪುಗಳಲ್ಲಿ ಹರಡಿದೆ. ಅವರ ಮುಖ್ಯ ಓಟಗಳು ಹಿತವಾದ ಆಯಾಸ ಕೊಡುವ, ಗಟ್ಟಿಯಾದ ಸ್ಥಿರ ವೇಗದವು. ಏದುಸಿರು ಬರಬಾರದು, ಮುಗಿಸಿದಾಗ ಇನ್ನೂ ಸ್ವಲ್ಪ ಓಡಬಲ್ಲೆ ಅನ್ನಿಸಬೇಕು. ಬೇಕಾದರೆ ಅದರ ಮೇಲೆ ಬೆಳಗಿನ ಹಗುರ ಓಟ ಬೇರೆ. ಇಂದು ನಾರ್ವೆಯವರು ಬೆರಳ ತುದಿಯ ರಕ್ತದಲ್ಲಿ ಲ್ಯಾಕ್ಟೇಟ್ (ಜೋರಾಗಿ ಓಡಿದಷ್ಟೂ ರಕ್ತದಲ್ಲಿ ಏರುವ ವಸ್ತು) ಅಳೆದು ಮಿತಿ ದಾಟದಂತೆ ಓಡಿಸುತ್ತಾರಲ್ಲ, ಲಿಡಿಯಾರ್ಡ್ ಅದೇ ಮಿತಿಯನ್ನು ಉಪಕರಣವಿಲ್ಲದೆ ಉಸಿರಿನಿಂದ ಅಂದಾಜು ಮಾಡಿದ್ದರು ಎಂಬುದು ನನ್ನ ಅಭಿಪ್ರಾಯ.

ಕೆಂಪುಮಣ್ಣು (ಬೆಳಗಾವಿ)

ದೂರದ ಓಟ ನಮ್ಮ ಮಣ್ಣಿಗೆ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು, 2 ಗಂಟೆ 50 ನಿಮಿಷ 45 ಸೆಕೆಂಡು. ಅಂದಿನ ದಾರಿ ಇಂದಿನ ಮ್ಯಾರಥಾನ್‌ಗಿಂತ ಉದ್ದ, 42.75 ಕಿಲೋಮೀಟರ್. ಪುಣೆಯ ಕ್ರೀಡಾಕೂಟದಲ್ಲಿ ಬರಿಗಾಲಿನ ಓಟಗಾರರನ್ನು ಕಂಡ ದೊರಾಬ್ಜಿ ಟಾಟಾ ಅವರ ಆಸಕ್ತಿಯಿಂದ ಹೊರಟ ತಂಡ ಅದು. ಬೆಳಗಾವಿಯಲ್ಲೇ ಎಷ್ಟು ಜನರಿಗೆ ಈ ಹೆಸರು ಗೊತ್ತು? ನೂರು ವರ್ಷ ಕಳೆದರೂ ಶಾಲೆಯ ಪಠ್ಯದಲ್ಲಿ ಒಂದು ಸಾಲು ಕಾಣಲಿಲ್ಲವೆಂಬ ನೋವು ನನಗಿದೆ.

800 ಮೀಟರ್ ಮಾತು ಬಂದಾಗ ಶ್ರೀರಾಮ್ ಸಿಂಗ್ ಅವರನ್ನು ಮರೆಯಬಾರದು. 1976ರ ಮಾಂಟ್ರಿಯಲ್ ಫೈನಲ್‌ನಲ್ಲಿ ಮೊದಲ ಸುತ್ತು ಮುಗಿಯುವಾಗ ಮುಂದಿದ್ದವರು ಅವರೇ. ಗೆದ್ದ ಕ್ಯೂಬಾದ ಹುವಾಂಟೊರೇನಾ ತಮ್ಮ ವಿಶ್ವದಾಖಲೆಗೆ ಶ್ರೀರಾಮ್ ಅವರ ಆ ಮೊದಲ ಸುತ್ತೇ ಕಾರಣ ಎಂದು ಮನಸಾರೆ ಹೇಳಿದ್ದಾರೆ. ಶ್ರೀರಾಮ್ ಏಳನೆಯವರಾದರು, ಅವರ 1:45.77 ನಮ್ಮ ದೇಶದ ದಾಖಲೆಯಾಗಿ 2018ರವರೆಗೆ ಉಳಿಯಿತು. ಅದೇ ಮಾಂಟ್ರಿಯಲ್ ಮ್ಯಾರಥಾನ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2:12:00 ನಾಲ್ಕು ದಶಕಗಳಿಗೂ ಹೆಚ್ಚು ಕಾಲ ರಾಷ್ಟ್ರೀಯ ದಾಖಲೆಯಾಗಿತ್ತು. ಅವರ ಕಾಲದಲ್ಲಿ ದಮ್ಮು ಕಟ್ಟುವವರು ಇದ್ದರು ಎಂದ ಹಾಗಾಯಿತಲ್ಲವೇ?

ಮೀನಖಂಡ (ಹುಬ್ಬಳ್ಳಿ)

ಎಲ್ಲರೂ ಗೆದ್ದವರ ಹೆಸರು ಹೇಳುತ್ತಿದ್ದೀರಿ. ಆ ಬೆಟ್ಟ ಏರಿ ಮೊಣಕಾಲು ಹಾಳಾಗಿ ಓಟ ಬಿಟ್ಟವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ವಾರಕ್ಕೆ 160 ಕಿಲೋಮೀಟರ್ ಎಂಬ ಸಂಖ್ಯೆಯನ್ನು ಓದಿ ತರಾತುರಿಯಲ್ಲಿ ಏರಿಸಿಕೊಂಡ ನನ್ನ ಕಾಲೇಜಿನ ಸಹಪಾಠಿಗೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಂತು, ಒಂದು ಋತು ಪೂರ್ತಿ ಹೋಯಿತು. ಅವನು ದುಡಿದು ತಿನ್ನಬೇಕಾದ ಮನೆಯವನು. ಮೊಟ್ಟೆ, ಹಾಲು, ನಿದ್ದೆ ಮೂರೂ ಸಾಲದ ಹುಡುಗರಿಗೆ ಈ ಪದ್ಧತಿ ಹೇಳುವ ಮುನ್ನ ಹತ್ತು ಸಲ ಯೋಚಿಸಿ.

ಸುಣ್ಣದ ಗೆರೆ (ಚಿತ್ರದುರ್ಗ ಜಿಲ್ಲೆ)

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಇಲ್ಲಿನ ಚರ್ಚೆಯನ್ನು ಎರಡು ಸಲ ಓದಿದೆ, ನನ್ನ ಪರಿಸ್ಥಿತಿ ಹೇಳುತ್ತೇನೆ.

ಶಾಲೆ ತೆರೆಯುವುದು ಜೂನ್ ಆಸುಪಾಸಿನಲ್ಲಿ. ಆಗಸ್ಟ್ ಹೊತ್ತಿಗೆ ಹೋಬಳಿ ಮಟ್ಟದ ಕ್ರೀಡಾಕೂಟ, ಅದರ ಬೆನ್ನಿಗೇ ತಾಲ್ಲೂಕು, ಜಿಲ್ಲೆ. ದಾಖಲಾತಿ, ಪುಸ್ತಕ, ಸಮವಸ್ತ್ರ ಎಲ್ಲ ಮುಗಿದು ಮಕ್ಕಳು ಮೈದಾನಕ್ಕೆ ಬರುವ ಹೊತ್ತಿಗೆ ಕೈಯಲ್ಲಿ ಕೆಲವೇ ವಾರ. ಆದ್ದರಿಂದ ನಾವೆಲ್ಲ ನೇರವಾಗಿ ವೇಗದ ಸುತ್ತುಗಳಿಗೆ ಕೈ ಹಾಕುತ್ತೇವೆ. ಕೂಟದ ದಿನ ಬೆಳಿಗ್ಗೆ 800, ಮಧ್ಯಾಹ್ನ 1500, ಸಂಜೆ ರಿಲೇ, ಮೂರಕ್ಕೂ ಒಬ್ಬಳೇ ಹುಡುಗಿ. ಸ್ನೆಲ್ ಮೂರು ದಿನದಲ್ಲಿ ನಾಲ್ಕು ಸಲ ಓಡಿದರು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮಕ್ಕಳೇ.

ಈಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮೊದಲ ಸುತ್ತಿನಲ್ಲಿ ಯಾರೂ ಅವಳ ಹತ್ತಿರ ಬರುವುದಿಲ್ಲ, ಎರಡನೆಯ ಸುತ್ತಿನ ತಿರುವಿನಲ್ಲಿ ತೊಡೆ ಕಲ್ಲಾಗಿ ನಿಂತೇಬಿಡುತ್ತಾಳೆ. ಮನೆಯಲ್ಲಿ ಕುರಿ ಇವೆ, ರಜೆಯಲ್ಲಿ ಕಾಯಲು ಹೋಗುತ್ತಾಳೆ. ಬೂಟು ಇಲ್ಲ. ಇವಳಿಗೆ ಲಿಡಿಯಾರ್ಡ್ ಕ್ರಮದಲ್ಲಿ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಮುಟ್ಟಬಾರದು? ಅನುಭವವಿರುವವರು ದಯವಿಟ್ಟು ಹೇಳಿ.

ಮುಂಜಾವಿನ ಹೆಜ್ಜೆ (ಬೆಂಗಳೂರು)

ಮೇಡಂ, ನಿಮ್ಮ ಪ್ರಶ್ನೆಗಾಗಿಯೇ ಈ ಚರ್ಚೆ ಶುರುವಾಯಿತು ಅನ್ನಿಸುತ್ತಿದೆ.

ಮೊದಲಿಗೆ 160 ಎಂಬ ಸಂಖ್ಯೆಯನ್ನು ಮರೆತುಬಿಡಿ. ಅದು ವರ್ಷಗಟ್ಟಲೆ ಓಡಿದ ವಯಸ್ಕರ ಲೆಕ್ಕ, ಹುಬ್ಬಳ್ಳಿಯ ಗೆಳೆಯರ ಎಚ್ಚರಿಕೆ ಈ ವಿಷಯದಲ್ಲಿ ನೂರಕ್ಕೆ ನೂರು ಸರಿ. ಬೆಳೆಯುವ ಮಕ್ಕಳಿಗೆ ಉಸಿರು ಕಟ್ಟಿಸುವ ಸುತ್ತುಗಳನ್ನು ಹೇರುವುದನ್ನು ಲಿಡಿಯಾರ್ಡ್ ಅವರೇ ಬಲವಾಗಿ ವಿರೋಧಿಸುತ್ತಿದ್ದರು. ಮಕ್ಕಳು ದೂರ ಓಡಬಲ್ಲರು, ಹಿಂಡಬಾರದು ಎಂಬುದು ಅವರ ನಿಲುವು.

ಅವಳಿಗೆ ಕಿಲೋಮೀಟರ್ ಹೇಳಬೇಡಿ, ನಿಮಿಷ ಹೇಳಿ. ಇಪ್ಪತ್ತು ನಿಮಿಷ ಮಾತನಾಡುತ್ತ ಓಡಬಲ್ಲಳೇ ನೋಡಿ. ಜೊತೆಗೆ ಇಬ್ಬರು ಮೂವರು ಹುಡುಗಿಯರಿದ್ದರೆ ಒಳ್ಳೆಯದು, ಆಕ್ಲೆಂಡ್‌ನವರು ಹೇಳಿದ ಗುಂಪಿನ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ, ಮನೆಯವರಿಗೂ ಧೈರ್ಯ. ಕೆಲವು ವಾರಗಳಲ್ಲಿ ಮೂವತ್ತು, ಆಮೇಲೆ ನಲವತ್ತು ನಿಮಿಷಕ್ಕೆ ತನ್ನಿ, ವಾರದಲ್ಲಿ ಒಂದು ದಿನ ಮಾತ್ರ ಸ್ವಲ್ಪ ಉದ್ದ. ಹೊಲದ ಬದು, ಕೆರೆ ಏರಿ, ಮಣ್ಣಿನ ದಾರಿ ಸಾಕು, ಡಾಂಬರು ಬೇಡ. ನಿಮ್ಮ ಕಡೆ ಗುಡ್ಡಗಳಿಗೆ ಬರವಿಲ್ಲ. ದಮ್ಮು ಬಂದ ಮೇಲೆ ಮೃದುವಾದ ಏರನ್ನು ಆರಿಸಿ ಮಂಡಿ ಎತ್ತಿ ಓಡಿಸಿ, ಆದರೆ ಇಳಿಯುವಾಗ ನಡೆಸಿಯೇ ಇಳಿಸಿ. ಟ್ರ್ಯಾಕ್ ಸುತ್ತುಗಳು ಕೂಟಕ್ಕೆ ಮುಂಚಿನ ಕೆಲವು ವಾರಗಳಿಗೆ ಸಾಕು.

ಕಾಲದ ಪ್ರಶ್ನೆಗೆ ಉತ್ತರ ಕ್ರೀಡಾಕೂಟದ ಕ್ಯಾಲೆಂಡರ್‌ನಲ್ಲಿ ಸಿಗುವುದಿಲ್ಲ. ಕೂಟ ಮುಗಿದ ಮೇಲಿನ ತಿಂಗಳುಗಳಲ್ಲಿ ಹುಡುಕಿ. ನವೆಂಬರ್‌ನಿಂದ ಫೆಬ್ರವರಿವರೆಗೆ ನಿಮ್ಮಲ್ಲಿ ಬೆಳಗಿನ ಹವೆ ಓಟಕ್ಕೆ ಹೇಳಿ ಮಾಡಿಸಿದ್ದು. ಆಗ ಯಾರೂ ತಾಲೀಮು ಮಾಡುವುದಿಲ್ಲ.

ಉಸಿರು ಮತ್ತು ರಕ್ತ (ಮಣಿಪಾಲ)

ಇದಕ್ಕಿಂತ ಮೊದಲು ಒಂದು ಕೆಲಸ ಮಾಡಿ, ಮೇಡಂ. ಆ ಹುಡುಗಿಯ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಎರಡನೆಯ ಸುತ್ತಿನಲ್ಲಿ ನಿಂತುಹೋಗುವ ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಇರುವ ಸಾಧ್ಯತೆಯನ್ನು ನಾನು ಯಾವಾಗಲೂ ಮೊದಲು ನೋಡುತ್ತೇನೆ. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿಯೇ ಕಡಿಮೆ ಇದ್ದರೆ ಯಾವ ಕೋಚ್ ಬಂದರೂ ದಮ್ಮು ಬರುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನುಂಗದೆ ಎಸೆಯುವುದುಂಟು, ಎದುರಿಗೇ ನುಂಗಿಸಿ. ಊಟದ ಜೊತೆ ಚಹಾ ಬೇಡ, ನಿಂಬೆಹಣ್ಣು ಇರಲಿ. ಮುಟ್ಟು ನಿಂತುಹೋದರೆ ಅಥವಾ ಮೂಳೆ ನೋವು ಶುರುವಾದರೆ ಓಟ ನಿಲ್ಲಿಸಿ ವೈದ್ಯರ ಬಳಿ ಕರೆದುಕೊಂಡು ಹೋಗಿ.

ನಾನೂರರ ಸುತ್ತು (ಮೈಸೂರು)

ಒಪ್ಪಿದೆ, ಒಂದು ಸೇರ್ಪಡೆಯೊಂದಿಗೆ. ದೂರದ ಓಟದ ತಿಂಗಳುಗಳಲ್ಲೂ ವಾರಕ್ಕೆ ಎರಡು ಸಲ, ಹಗುರ ಓಟ ಮುಗಿದ ಮೇಲೆ ಅರುವತ್ತು ಎಂಬತ್ತು ಮೀಟರ್‌ನ ಸಲೀಸಾದ ಐದಾರು ಓಟ ಇರಲಿ. ದಣಿಯುವಷ್ಟಲ್ಲ, ಕಾಲಿಗೆ ವೇಗದ ಅಭ್ಯಾಸ ತಪ್ಪದಿರುವಷ್ಟು. ಮೊದಲ ಸುತ್ತಿನಲ್ಲಿ ಅವಳಿಗಿರುವ ಆ ಸಹಜ ವೇಗವನ್ನು ಕಳೆಯಬೇಡಿ. ಇನ್ನೊಂದು, ಮೊದಲ ಸುತ್ತನ್ನು ಸ್ವಲ್ಪ ತಡೆದು ಓಡುವುದನ್ನು ಕಲಿಸಿ. ಅದಕ್ಕೆ ಸ್ಟಾಪ್‌ವಾಚ್ ಬೇಕು.

ಸುಣ್ಣದ ಗೆರೆ (ಚಿತ್ರದುರ್ಗ ಜಿಲ್ಲೆ)

ಎಲ್ಲರಿಗೂ ಧನ್ಯವಾದ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಮುಂದಿನ ವಾರ ಶಾಲೆಗೆ ಬರುತ್ತಾರೆ, ಆಗಲೇ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಅವಳೊಬ್ಬಳಿಗೇ ಅಲ್ಲ, ಓಟದ ಹುಡುಗಿಯರಿಗೆಲ್ಲ. ಅವಳ ತಾಯಿಯ ಹತ್ತಿರ ಮಾತನಾಡಿದೆ. ಬೆಳಿಗ್ಗೆ ಕತ್ತಲಲ್ಲಿ ಕಳುಹಿಸುವುದಿಲ್ಲ, ಶಾಲೆ ಬಿಟ್ಟ ಮೇಲೆ ಆಗಬಹುದು ಎಂದರು, ಪಕ್ಕದ ಮನೆಯ ಹುಡುಗಿಯೂ ಬರಬೇಕು ಎಂಬ ಷರತ್ತು ಹಾಕಿದರು. ಹಾಗಾಗಿ ಈಗ ಇಬ್ಬರು. ಕೆರೆ ಏರಿಯ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ, ಸದ್ಯಕ್ಕೆ ಇಪ್ಪತ್ತು ನಿಮಿಷ. ಬೂಟಿನ ವಿಷಯ ಊರಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದೇನೆ. ಏರಿನ ಓಟ ಯಾವಾಗ ಶುರು ಮಾಡಬೇಕೆಂದು ಡಿಸೆಂಬರ್‌ನಲ್ಲಿ ಮತ್ತೆ ಇಲ್ಲಿಯೇ ಕೇಳುತ್ತೇನೆ.